ಸೇತುವೆ ಹಿಡಿದು ದಾರಿ: ಜೌಗುನಾಡಿನ ಸೈಕಲ್ ನಕ್ಷೆಯ ಪ್ರಗತಿ

ಫೆಬ್ರವರಿ

ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ, ನಿಯೋರ್ ಪಟ್ಟಣದಿಂದ ಅಟ್ಲಾಂಟಿಕ್ ಕರಾವಳಿಯವರೆಗೆ ಹಬ್ಬಿರುವ ಮಾರೆ ಪ್ವಾತ್ವಾಂ ಎಂಬ ಜೌಗುನಾಡಿನಲ್ಲಿ ವಾಹನಗಳ ಕಾಟವಿಲ್ಲದ ಡಾಂಬರು ರಸ್ತೆಗಳನ್ನು ಹುಡುಕಿ, ಒಂದಕ್ಕೊಂದು ಜೋಡಿಸಿ, ಸೈಕಲ್ ಸವಾರರಿಗೆ ಒಂದು ನಕ್ಷೆ ತಯಾರಿಸುವ ನನ್ನ ಹವ್ಯಾಸದ ಕೆಲಸ ಈ ಚಳಿಗಾಲವೆಲ್ಲ ಮೇಜಿನ ಮೇಲೆಯೇ ನಡೆದಿದೆ. ಸುಮಾರು ಒಂದು ಲಕ್ಷ ಹೆಕ್ಟೇರ್ ವಿಸ್ತಾರದ ಈ ಜೌಗು, ಕಮಾರ್ಗ್ ಅನ್ನು ಬಿಟ್ಟರೆ, ಫ್ರಾನ್ಸಿನಲ್ಲಿ ಅತಿ ದೊಡ್ಡದು. ಮೂರು ಜಿಲ್ಲೆಗಳು ಇದನ್ನು ಹಂಚಿಕೊಂಡಿರುವುದರಿಂದ ರಸ್ತೆಯ ಸಂಖ್ಯೆಗಳು ಗಡಿಯಲ್ಲಿ ಬದಲಾಗುತ್ತವೆ, ದುರಸ್ತಿಯ ರೀತಿಯೂ ಬದಲಾಗುತ್ತದೆ.

ಉಯಿಸ್ತ್ರೆಯಾಂ ಎಂಬ ಊರಿನಿಂದ ಲಾ ರೋಶೆಲ್‌ವರೆಗೆ ಸುಮಾರು 630 ಕಿ.ಮೀ. ಉದ್ದದ ‘ವೆಲೋ ಫ್ರಾನ್ಸೆತ್’ ಎಂಬ ಸೈಕಲ್ ಮಾರ್ಗ ಈ ಜೌಗಿನ ನಡುವೆಯೇ ಹಾದುಹೋಗುತ್ತದೆ. ಹಾಗಿರುವಾಗ ಇನ್ನೊಂದು ನಕ್ಷೆ ಏಕೆ ಎಂದು ಯಾರಾದರೂ ಕೇಳಬಹುದು. ಆ ಮಾರ್ಗವು ಇಲ್ಲಿ ಸೆವ್ರ್ ನಿಯೋರ್ತೆಜ್ ನದಿಯ ಗುಂಟ ಒಂದೇ ಎಳೆಯಾಗಿ ಸಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮಕ್ಕಳು, ಬಾಡಿಗೆ ಸೈಕಲ್ಲುಗಳು, ದೋಣಿಗಾಗಿ ಕಾಯುವವರ ಗುಂಪುಗಳು ತುಂಬಿರುತ್ತವೆ, ಮತ್ತು ಅಲ್ಲಲ್ಲಿ ಡಾಂಬರು ಮುಗಿದು ಜಲ್ಲಿಯ ಹಾದಿ ಶುರುವಾಗುತ್ತದೆ. ನನಗೆ ಬೇಕಾಗಿರುವುದು ಎಳೆಯಲ್ಲ, ಬಲೆ: ಗಾಳಿ ನೋಡಿಕೊಂಡು ಎಡಕ್ಕೋ ಬಲಕ್ಕೋ ತಿರುಗಬಹುದಾದ ಸಣ್ಣ ರಸ್ತೆಗಳ ಜಾಲ.

ಮಿಶೆಲಿನ್ ರಸ್ತೆ ನಕ್ಷೆಯಲ್ಲಿ ಸಂಚಾರ ಹೆಚ್ಚಿರುವ ಕೆಂಪು, ಹಳದಿ ರಸ್ತೆಗಳನ್ನು ಬಿಟ್ಟು ಸಣ್ಣ ಬಿಳಿ ರಸ್ತೆಗಳನ್ನು ಹಿಡಿಯಬೇಕೆಂಬುದು ಇಲ್ಲಿನ ಸೈಕಲ್ ಸವಾರರೆಲ್ಲರಿಗೂ ಗೊತ್ತಿರುವ ಮಾತು. ಬಯಲುನಾಡಿಗೆ ಅದು ಸರಿಯೇ. ನೀರಿನ ನಾಡಿನಲ್ಲಿ ಮಾತ್ರ ಬಣ್ಣಕ್ಕಿಂತ ಸೇತುವೆ ಮುಖ್ಯವೆಂಬುದು ನನ್ನ ಅಭಿಪ್ರಾಯ. ಕಾರು ನದಿಯನ್ನು ದಾಟಬೇಕಾದರೆ ಸೇತುವೆಗೆ ಬರಲೇಬೇಕು. ಆದ್ದರಿಂದ ಸೇತುವೆಯಿರುವ ರಸ್ತೆ ಬಿಳಿಯಾಗಿದ್ದರೂ ಸುತ್ತಲಿನ ಊರುಗಳ ಸಂಚಾರವನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ, ಸೇತುವೆಯಿಲ್ಲದೆ ನೀರಿನ ಅಂಚಿಗೆ ಹೋಗಿ ನಿಲ್ಲುವ ರಸ್ತೆ ಎಷ್ಟೇ ಅಗಲವಿದ್ದರೂ ಬಿಕೋ ಎನ್ನುತ್ತದೆ. ಅಂಥ ರಸ್ತೆಯ ತುದಿಯಲ್ಲಿ ಒಂದು ಕಾಲುಸಂಕವಿದ್ದುಬಿಟ್ಟರೆ ಕಾರಿಗೆ ಮುಚ್ಚಿದ ದಾರಿ ಸೈಕಲ್ಲಿಗೆ ತೆರೆದಂತೆ. ಈ ಕಾರಣದಿಂದ ಮೊದಲು ಸೇತುವೆಗಳನ್ನೂ ಕಾಲುಸಂಕಗಳನ್ನೂ ಗುರುತುಹಾಕಿ, ರಸ್ತೆಗಳನ್ನು ಆಮೇಲೆ ತುಂಬಿಸುತ್ತಿದ್ದೇನೆ. ಒಂದು ಸೆಂಟಿಮೀಟರಿಗೆ 250 ಮೀಟರ್ ಅಳತೆಯ ಸರಕಾರಿ ನಕ್ಷೆಯಲ್ಲಿ ಕಾಲುಸಂಕಗಳು ಸೂಕ್ಷ್ಮವಾದ ಗೆರೆಯಾಗಿ ಕಾಣುತ್ತವೆ, ಕಣ್ಣಿಗೆ ಕೆಲಸ.

ಏಪ್ರಿಲ್

ನೀರಿಳಿದಿದೆ. ನಿಯೋರ್‌ನ ಪಶ್ಚಿಮಕ್ಕೆ ಕುಲೋಂ, ಆರ್ಸೆ, ದಾಂವಿ ಗ್ರಾಮಗಳ ಸುತ್ತಲಿನ ‘ಒದ್ದೆ ಜೌಗು’ ಚಳಿಗಾಲದಲ್ಲಿ ಸೆವ್ರ್ ನಿಯೋರ್ತೆಜ್ ನದಿಯ ನೆರೆನೀರನ್ನು ತುಂಬಿಕೊಳ್ಳಲೆಂದೇ ಬಿಟ್ಟ ಭೂಮಿ. ಆಗ ತಗ್ಗಿನ ರಸ್ತೆಗಳ ಮೇಲೆ ನೀರು ನಿಂತು, ಅಡ್ಡಗಟ್ಟೆಯಿಟ್ಟು ಮುಚ್ಚುವುದು ವಾಡಿಕೆ. ಈಗ ಅವೆಲ್ಲ ತೆರೆದಿವೆ, ಅಂಚಿನಲ್ಲಿ ಒಣಗಿದ ಕೆಸರಿನ ತೆಳುಪದರ ಮಾತ್ರ ಉಳಿದಿದೆ.

ಈ ಭಾಗದ ರಸ್ತೆಗಳು ಕಿರಿದಾಗಿ, ಅಂಕುಡೊಂಕಾಗಿ, ಕಾಲುವೆಗಳ ಮಗ್ಗುಲಲ್ಲಿ ಸಾಗುತ್ತವೆ. ಎರಡೂ ಬದಿಗೆ ತಲೆ ಕಡಿದು ಬೆಳೆಸಿದ ಆಶ್ ಮರಗಳು. ಕೆಲವು ವರ್ಷಗಳಿಗೊಮ್ಮೆ ಸೌದೆಗಾಗಿ ಕೊಂಬೆಗಳನ್ನು ಒಂದೇ ಎತ್ತರದಲ್ಲಿ ಸವರುತ್ತ ಬಂದಿರುವುದರಿಂದ ಕಾಂಡದ ತುದಿ ಗಂಟುಗಂಟಾಗಿ ಊದಿಕೊಂಡಿದೆ. ಅವುಗಳ ಬೇರು ದಂಡೆಯ ಮಣ್ಣನ್ನು ಹಿಡಿದಿಡುತ್ತದೆ. ಯುರೋಪಿನಾದ್ಯಂತ ಹರಡಿರುವ ಶಿಲೀಂಧ್ರರೋಗ ಇಲ್ಲಿಯ ಆಶ್ ಮರಗಳನ್ನೂ ಹಿಡಿದಿರುವುದರಿಂದ ಕೆಲವೆಡೆ ಬೇರೆ ಜಾತಿಯ ಸಸಿಗಳನ್ನು ನೆಟ್ಟಿದ್ದಾರೆ. ನಕ್ಷೆಗೆ ಇದು ಸಂಬಂಧಪಡದ ವಿಷಯವೇನಲ್ಲ: ಜುಲೈ ಬಿಸಿಲಿನಲ್ಲಿ ನೆರಳಿರುವ ರಸ್ತೆ ಯಾವುದು ಎಂಬುದನ್ನೂ ಬೇರೆ ಗುರುತಿನಿಂದ ತೋರಿಸುತ್ತಿದ್ದೇನೆ.

ಕಾಲುಸಂಕಗಳ ಪರಿಶೀಲನೆ ಈ ತಿಂಗಳ ಮುಖ್ಯ ಕೆಲಸ. ‘ಮುಂದೆ ದಾರಿಯಿಲ್ಲ’ ಎಂಬುದಕ್ಕೆ ಇಲ್ಲಿ ನೀಲಿ ಚೌಕದಲ್ಲಿ ಬಿಳಿ ಕಂಬ, ಅದರ ನೆತ್ತಿಯ ಮೇಲೆ ಕೆಂಪು ಪಟ್ಟಿ. ಇತ್ತೀಚಿನ ಫಲಕಗಳಲ್ಲಿ ಅದೇ ಚೌಕದೊಳಗೆ ಪಾದಚಾರಿ ಹಾಗೂ ಸೈಕಲ್ಲಿನ ಸಣ್ಣ ಚಿತ್ರವಿರುತ್ತದೆ. ಕಾರಿಗೆ ಇಲ್ಲ, ನಿಮಗೆ ಉಂಟು ಎಂದು ಅದರ ಅರ್ಥ. ಆದರೆ ಹಳ್ಳಿಗಳಲ್ಲಿ ಬಹುಪಾಲು ಹಳೆಯ ಫಲಕಗಳೇ ಇರುವುದರಿಂದ ಕೊನೆಯವರೆಗೆ ಹೋಗಿ ನೋಡದೆ ಬೇರೆ ಉಪಾಯವಿಲ್ಲ. ಕೆಲವು ಸಂಕಗಳು ಸಮತಟ್ಟಾಗಿದ್ದು ಸೈಕಲ್ ತಳ್ಳಿಕೊಂಡು ದಾಟಬಹುದು. ಇನ್ನು ಕೆಲವು, ಗಳ ಊರಿ ನಡೆಸುವ ಚಪ್ಪಟೆ ತಳದ ದೋಣಿಗಳು ಅಡಿಯಲ್ಲಿ ಹಾಯುವಂತೆ ನಡುವೆ ಎತ್ತರಿಸಿದವು. ಮೆಟ್ಟಿಲುಗಳಿರುವುದರಿಂದ ಸೈಕಲ್ಲನ್ನು ಹೆಗಲಿಗೇರಿಸಬೇಕು. ಸಾಮಾನು ಕಟ್ಟಿದ ಸೈಕಲ್ಲಿಗೆ ಎರಡನೆಯ ಬಗೆ ಒಗ್ಗದು, ಆದ್ದರಿಂದ ಎರಡಕ್ಕೂ ಪ್ರತ್ಯೇಕ ಚಿಹ್ನೆ ಕೊಟ್ಟಿದ್ದೇನೆ.

ಮಾಯೆಜೆಯ ಪಾಳುಬಿದ್ದ ಮಠದವರೆಗಿನ ಭಾಗ ಸಿದ್ಧವಾಗಿದೆ.

ಜೂನ್

ಮಾಯೆಜೆ ದಾಟಿ ಪಶ್ಚಿಮಕ್ಕೆ ಹೋದಂತೆ ಮರಗಳು ತೆಳುವಾಗಿ ‘ಒಣ ಜೌಗು’ ತೆರೆದುಕೊಳ್ಳುತ್ತದೆ. ಹಿಂದೆ ಇಲ್ಲೆಲ್ಲ ಸಮುದ್ರದ ಕೊಲ್ಲಿಯಿತ್ತು. ಮಾಯೆಜೆ, ಮಾರಾಂ, ಶಾಯೆ-ಲೆ-ಮಾರೆ ಮುಂತಾದ ಊರುಗಳು ಕೂತಿರುವ ಸುಣ್ಣಕಲ್ಲಿನ ದಿಬ್ಬಗಳು ಆಗಿನ ದ್ವೀಪಗಳು. 1217ರಲ್ಲಿ ಐದು ಮಠಗಳ ಸನ್ಯಾಸಿಗಳು ಕೂಡಿ ತೋಡಿಸಿದ ‘ಐದು ಮಠಾಧಿಪತಿಗಳ ಕಾಲುವೆ’ ಇಂದಿಗೂ ಹರಿಯುತ್ತಿದೆ. 1599ರಲ್ಲಿ ನಾಲ್ಕನೆಯ ಹೆನ್ರಿ ದೊರೆ ಹಂಫ್ರಿ ಬ್ರ್ಯಾಡ್ಲಿ ಎಂಬ ಪರಿಣತನಿಗೆ ರಾಜ್ಯದ ಜೌಗುಗಳನ್ನು ಒಣಗಿಸುವ ಅಧಿಕಾರ ಕೊಟ್ಟ ಮೇಲೆ ಏರಿ, ಕಾಲುವೆ, ತೂಬುಗಳ ಕೆಲಸ ದೊಡ್ಡ ಪ್ರಮಾಣದಲ್ಲಿ ಮುಂದುವರಿಯಿತು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದನ್ನು ಕಂಡವರಿಗೆ ಈ ಏರ್ಪಾಟನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ, ಗಜನಿಯವರು ಬೆಳೆ ಮುಗಿದ ಮೇಲೆ ಸಿಗಡಿಗಾಗಿ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಇಲ್ಲಿಯವರು ಅದನ್ನು ಏರಿಯ ಆಚೆಗೇ ತಡೆಯುತ್ತಾರೆ.

ಈ ಇತಿಹಾಸವನ್ನು ರಸ್ತೆಯ ಮೇಲೆ ಗಾಲಿಯೇ ಓದುತ್ತದೆ. ದಿಬ್ಬದಿಂದ ದಿಬ್ಬಕ್ಕೆ ಹೋಗುವ ರಸ್ತೆಗಳು ಹಳೆಯವು, ಊರುಗಳನ್ನು ಜೋಡಿಸುವವು, ಆದ್ದರಿಂದ ಕಾರುಗಳೂ ಅವುಗಳ ಮೇಲೆಯೇ. ಏರಿಗಳ ಬುಡದಲ್ಲಿ ಕಾಲುವೆಗೆ ಸಮಾನಾಂತರವಾಗಿ ನೇರ ಹೋಗುವ ರಸ್ತೆಗಳು ಗದ್ದೆಗಳಿಗೂ ಒಂಟಿ ತೋಟದಮನೆಗಳಿಗೂ ಮಾತ್ರ ಬೇಕಾದವು. ಅರ್ಧ ಗಂಟೆ ಹೋದರೂ ಅಂಚೆಯ ಹಳದಿ ವ್ಯಾನನ್ನು ಬಿಟ್ಟರೆ ಇನ್ನೊಂದು ವಾಹನ ಕಾಣದಿರುವುದು ಸಾಮಾನ್ಯ. ನನ್ನ ನಕ್ಷೆಯಲ್ಲಿ ವಾಹನಗಳ ಕಾಟವಿಲ್ಲದ ರಸ್ತೆಗೆ ಹಸಿರು ಗೆರೆ; ಅವುಗಳಲ್ಲಿ ಹೆಚ್ಚಿನವು ಇವೇ.

ಆದರೆ ಇವುಗಳ ಮೈ ಚೆನ್ನಾಗಿಲ್ಲ. ಅಡಿಯಲ್ಲಿರುವುದು ಸಮುದ್ರ ತಂದು ಹಾಕಿದ ನೀಲಿ-ಬೂದು ಜೇಡಿಮಣ್ಣು. ಇಲ್ಲಿಯವರು ಅದನ್ನು ‘ಬ್ರಿ’ ಎನ್ನುತ್ತಾರೆ. ಒದ್ದೆಯಾದಾಗ ಅದು ಹಿಗ್ಗುತ್ತದೆ, ಬರಗಾಲದಲ್ಲಿ ಕುಗ್ಗುತ್ತದೆ; ಡಾಂಬರು ಅದರೊಂದಿಗೆ ಅಲೆಯಲೆಯಾಗಿ ಏಳುತ್ತ ಇಳಿಯುತ್ತ, ಕಾಲುವೆಯ ಕಡೆಗೆ ವಾಲಿ, ಉದ್ದುದ್ದಕ್ಕೆ ಸೀಳುತ್ತದೆ. ಅಡ್ಡ ಬಿರುಕಾದರೆ ಗಾಲಿ ಎಗರಿಕೊಂಡು ಹೋಗುತ್ತದೆ, ಉದ್ದದ ಬಿರುಕು ತೆಳು ಟೈರನ್ನು ಒಳಗೆ ಸಿಕ್ಕಿಸಿಕೊಳ್ಳುತ್ತದೆ. ಆದ್ದರಿಂದ 25 ಮಿ.ಮೀ. ಟೈರುಗಳನ್ನು ತೆಗೆದು 35 ಮಿ.ಮೀ. ಹಾಕಿಸಿದ್ದೇನೆ, ಈ ನಕ್ಷೆ ಬಳಸುವವರೆಲ್ಲರಿಗೂ ಕನಿಷ್ಠ 32 ಇರಲಿ ಎಂಬ ಸೂಚನೆಯನ್ನು ಮೊದಲ ಪುಟದಲ್ಲೇ ಕೊಡಲಿದ್ದೇನೆ.

ಏರುಗಳೇ ಇಲ್ಲದ ಈ ಸೀಮೆಯಲ್ಲಿ ಗಾಳಿಯೇ ಬೆಟ್ಟ. ಪಡುವಣ ಗಾಳಿಗೆ ಅಡ್ಡವಾಗಿ ಒಂದು ಪೊದೆಯೂ ಇಲ್ಲ. ರೈಲಿನಲ್ಲಿ ಲಾ ರೋಶೆಲ್‌ಗೆ ಹೋಗಿ ಅಲ್ಲಿಂದ ಪೂರ್ವಾಭಿಮುಖವಾಗಿ ನಿಯೋರ್‌ಗೆ ಮರಳುವುದು ಹೆಚ್ಚಿನ ದಿನಗಳಲ್ಲಿ ಜಾಣತನ. ಎರಡರ ನಡುವೆ ಪ್ರಾದೇಶಿಕ ರೈಲು ಓಡುತ್ತದೆ.

ಜುಲೈ

ಗೋಧಿಯ ಕೊಯ್ಲು. ಹಸಿರು ಗೆರೆಗಳ ಮೇಲೆ ಕಾಳು ತುಂಬಿದ ಟ್ರಾಕ್ಟರುಗಳು, ರಸ್ತೆಯಷ್ಟೇ ಅಗಲದ ಕಟಾವು ಯಂತ್ರಗಳು. ಚಾಲಕರು ಸೌಜನ್ಯವಂತರು, ಆದರೂ ಪಕ್ಕಕ್ಕೆ ಇಳಿದು ನಿಲ್ಲಬೇಕಾದವರು ನಾವೇ. ಕೊಯ್ಲಿನ ವಾರಗಳಿಗೆ ಒದ್ದೆ ಜೌಗಿನ ಕಡೆಯ ದಾರಿ ಮೇಲು ಎಂದು ಟಿಪ್ಪಣಿ ಸೇರಿಸಿದೆ.

ನೀರಿನ ವಿಷಯ: ಹಳ್ಳಿಯ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೆ, ಸೋಮವಾರ ಹಲವು ಬೇಕರಿಗಳೂ ತೆರೆಯುವುದಿಲ್ಲ. ಸ್ಮಶಾನದ ನಲ್ಲಿ ಮಾತ್ರ ಎಂದಿಗೂ ರಜೆ ಹಾಕದು. ನಮ್ಮವರಿಗೆ ಮೊದಲಿಗೆ ಮುಜುಗರವೆನಿಸಬಹುದು. ಇಲ್ಲಿಯ ಸೈಕಲ್ ಸವಾರರು ಸಂಕೋಚವಿಲ್ಲದೆ ಬಾಟಲಿ ತುಂಬಿಸಿಕೊಳ್ಳುತ್ತಾರೆ. ಕುಡಿಯಲು ಯೋಗ್ಯವಲ್ಲವೆಂಬ ಫಲಕವಿದೆಯೇ ಎಂದು ನೋಡಿಕೊಂಡರಾಯಿತು. ಬುತ್ತಿಗೆ ನನ್ನ ಆಯ್ಕೆ ‘ತುರ್ತೋ ಫ್ರೊಮಾಜೆ’: ನೆತ್ತಿ ಇದ್ದಿಲಿನಂತೆ ಕಪ್ಪಗಾಗುವವರೆಗೆ ಬೇಯಿಸಿದ, ಒಳಗೆ ಹಗುರವಾದ ಮೇಕೆಹಾಲಿನ ಚೀಸಿನ ಕೇಕು, ಚೀಲದಲ್ಲಿ ಅಪ್ಪಚ್ಚಿಯಾಗದೆ ಸಂಜೆಯವರೆಗೆ ತಾಳುತ್ತದೆ.

ಸೆಪ್ಟೆಂಬರ್

ಉಳಿದಿದ್ದ ತೊಡಕು ಮಾರಾಂ. ನಾಂತ್–ಲಾ ರೋಶೆಲ್ ಹೆದ್ದಾರಿ ಈ ಊರಿನ ನಡುವೆಯೇ ಹಾಯುತ್ತದೆ, ಲಾರಿಗಳ ಸಾಲು ಬೀದಿಯಲ್ಲೇ ತೆವಳುತ್ತದೆ. ಹತ್ತಿರದಲ್ಲಿ ಹಾದುಹೋಗಬೇಕಾಗಿದ್ದ ಎ-831 ಮೋಟಾರುಮಾರ್ಗದ ಯೋಜನೆ 2015ರಲ್ಲಿ ಕೈಬಿಟ್ಟುಹೋಯಿತು. ಜೌಗಿನ ಪಾಲಿಗೆ ಅದು ಒಳ್ಳೆಯದಾಯಿತು ಎಂದೇ ನಾನು ಭಾವಿಸುತ್ತೇನೆ, ಮಾರಾಂನ ಬೀದಿಬದಿಯ ನಿವಾಸಿಗಳು ಒಪ್ಪಲಾರರು. ಸೈಕಲ್ಲಿಗೆ ಪರಿಹಾರವೆಂದರೆ ಬಂದರಿನ ಕಡೆಯಿಂದ ಹೊಕ್ಕು, ಮಾರಾಂ–ಲಾ ರೋಶೆಲ್ ಕಾಲುವೆಯ ದಂಡೆ ಹಿಡಿಯುವುದು. ಹೆದ್ದಾರಿಯನ್ನು ತಪ್ಪಿಸಲಾಗದವರು ಭಾನುವಾರ ದಾಟಲಿ: ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ 7.5 ಟನ್ನಿಗಿಂತ ಹೆಚ್ಚಿನ ಸರಕು ಲಾರಿಗಳಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಸಂಚಾರವಿಲ್ಲ.

ಮಾರಾಂನ ಕೆಳಗೆ, ಸಮುದ್ರಕ್ಕೆ ಮೊದಲಿನ ಕೊನೆಯ ದಾಟು ಬ್ರೋ ಎಂಬಲ್ಲಿಯ ಎತ್ತುಸೇತುವೆ. ಅದರಾಚೆ ನದಿ ಎಗ್ವಿಯೋಂ ಕೊಲ್ಲಿಯ ಕೆಸರಿಗೆ ಸೇರುತ್ತದೆ. ಕರಾವಳಿಯ ಕಾರುಗಳಿಗೆ ಬೇರೆ ದಾರಿಯಿಲ್ಲ, ನನ್ನ ಲೆಕ್ಕಾಚಾರಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆಯೂ ಇಲ್ಲ: ಸೇತುವೆಯ ಮೇಲೆ ಒಂದರ ಹಿಂದೊಂದು ಕಾರು, ಅಲ್ಲಿಂದ ಏರಿಯ ಬುಡದ ರಸ್ತೆಗೆ ತಿರುಗಿದ ಕೂಡಲೇ ಒಂದೂ ಇಲ್ಲ. ಊರಿನ ಹೊರಗೆ ಸೈಕಲ್ಲನ್ನು ಹಿಂದಿಕ್ಕುವಾಗ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ. ಸೇತುವೆಯ ಮೇಲೆ ಅದಕ್ಕೆ ಜಾಗ ಸಾಲದಾದ್ದರಿಂದ ಲೇನಿನ ಮಧ್ಯದಲ್ಲೇ ಸಾಗುವುದು ಕ್ಷೇಮ. ಈ ತುಣುಕಿಗೆ ಕೆಂಪು ಕೊಟ್ಟಿದ್ದೇನೆ.

ಹತ್ತಿರದ ಶಾರೋಂ ಗ್ರಾಮ 2010ರ ಫೆಬ್ರವರಿ 28ರಂದು ಕ್ಸಿಂತಿಯಾ ಚಂಡಮಾರುತದಲ್ಲಿ ಮುಳುಗಿತ್ತು. ಆಮೇಲೆ ಮನೆಗಳನ್ನು ಕೆಡವಿ ಖಾಲಿ ಮಾಡಿದ ಭಾಗಗಳಲ್ಲಿ ಹಳೆಯ ನಕ್ಷೆಗಳ ಓಣಿಗಳು ನೆಲದ ಮೇಲೆ ಹಾಗೆಯೇ ಇವೆಯೆಂದು ನಂಬುವಂತಿಲ್ಲ. ಈ ಮೂಲೆಯನ್ನು ನಕ್ಷೆಯಿಂದಲ್ಲ, ಓಡಾಡಿಯೇ ತುಂಬಿಸುತ್ತಿದ್ದೇನೆ.

ಈಗಿನ ಸ್ಥಿತಿ: ನಿಯೋರ್‌ನಿಂದ ಮಾರಾಂವರೆಗೆ ನದಿಯ ಎರಡೂ ಕಡೆ ಪೂರ್ಣ, ಶಾರೋಂ ಭಾಗ ಅರ್ಧ, ಶಾಯೆ-ಲೆ-ಮಾರೆಯಿಂದ ಉತ್ತರಕ್ಕೆ, ಲ್ಯುಸೋಂ ಕಡೆಯ ಕಾಲುವೆಗಳ ಮೇಲಿನ ಸೇತುವೆಗಳನ್ನು ಗುರುತಿಸಿಯಾಗಿದೆ, ರಸ್ತೆಗಳು ಬಾಕಿ. ನೆರೆ ಬರುವ ಮೊದಲು ಅವುಗಳನ್ನು ಸುತ್ತಿ ಬಂದು, ಚಳಿಗಾಲದಲ್ಲಿ ಮುಚ್ಚುವ ರಸ್ತೆಗಳ ಪಟ್ಟಿಯನ್ನು ಫೆಬ್ರವರಿಯಲ್ಲಿ, ನೀರು ನಿಂತಿರುವಾಗಲೇ, ಪೂರ್ತಿಗೊಳಿಸುವ ಯೋಜನೆಯಿದೆ.