ಹುಲ್ಲಿನಲ್ಲಿ ಕಂಡ ನೇರ ಗೆರೆ

ಹುಲ್ಲುಹಾಸು ಎಲ್ಲಾದರೂ ಒಂದು ಕಡೆ ಒಣಗಿತೆಂದರೆ ಸಾಕು, ಆ ದಾರಿಯಲ್ಲಿ ಹಾದುಹೋಗುವವರೆಲ್ಲ ತಜ್ಞರಾಗಿಬಿಡುತ್ತಾರೆ. ‘ನೀರು ಸಾಲುತ್ತಿಲ್ಲ’ ಎಂಬುದು ಅವರೆಲ್ಲರ ಒಮ್ಮತದ ತೀರ್ಪು. ಉದ್ಯಾನ ನಿರ್ವಹಣೆಯ ಮೇಲ್ವಿಚಾರಕನಾದ ನನಗೆ ಸಿಗುವ ಸಂಬಳದಲ್ಲಿ ಅರ್ಧ ಪಾಲು ಈ ತೀರ್ಪು ಜಾರಿಯಾಗದಂತೆ ತಡೆಯುವುದಕ್ಕೇ ಸಲ್ಲುತ್ತದೆ. ಗಿಡ ನೆಡಿಸುವುದು, ಬೇಲಿ ಸವರಿಸುವುದು, ಯಂತ್ರದ ಅಲಗು ಸಾಣೆ ಹಿಡಿಸುವುದು ಉಳಿದರ್ಧ.

ಆ ದಿನ ಬೆಳಿಗ್ಗೆ ಬಂದ ಕರೆಯೂ ಅಂಥದ್ದೇ. ನಾವು ನೋಡಿಕೊಳ್ಳುತ್ತಿದ್ದ ಆವರಣದ ಮುಖ್ಯ ಕಟ್ಟಡದ ಮುಂದೆ, ಕಾರುಗಳು ಬಂದು ನಿಲ್ಲುವ ಕಡೆ, ಹುಲ್ಲು ದೊಡ್ಡದೊಂದು ತುಂಡಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ವಾರ ಕಳೆಯುವುದರೊಳಗೆ ಅಲ್ಲಿ ಸಮಾರಂಭ. ‘ಅತಿಥಿಗಳು ಇಳಿಯುವುದೇ ಅಲ್ಲಿ. ಇವತ್ತಿನಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಬಿಡಿಸಿ’ ಎಂದರು ಆಡಳಿತಾಧಿಕಾರಿ. ನೋಡಿ ಹೇಳುತ್ತೇನೆ ಸರ್ ಎಂದೆ. ಸಂಜೆ ನೀರು ಬಿಡುವ ಯೋಚನೆಯಂತೂ ನನಗೆ ಮೊದಲಿನಿಂದಲೂ ಆಗದು. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಶಿಲೀಂಧ್ರಕ್ಕೆ ಹಬ್ಬ. ನೀರು ಹಾಯಿಸುವುದಿದ್ದರೆ ಸೂರ್ಯ ಏರುವ ಮುನ್ನ, ಗಾಳಿ ಕಡಿಮೆ ಇರುವಾಗ ಹಾಯಿಸಬೇಕು. ಆವಿಯಾಗಿ ಹೋಗುವುದೂ ಆಗ ಕಡಿಮೆ.

ಒಣಗಿದ ಹುಲ್ಲನ್ನು ನಿಂತು ನೋಡಿದರೆ ಏನೂ ತಿಳಿಯದು, ಮಂಡಿಯೂರಿ ಕೂರಬೇಕು. ಮೊದಲು ಎಲೆಯ ತುದಿ ನೋಡಿದೆ. ಮೊಂಡು ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿ ನಾರುನಾರಾಗಿ ಬೆಳ್ಳಗಾಗುತ್ತದೆ. ಇಲ್ಲಿ ತುದಿ ನೀಟಾಗಿಯೇ ಇತ್ತು. ಮುಷ್ಟಿಯಲ್ಲಿ ಹಿಡಿದು ಜಗ್ಗಿದೆ. ಬೇರುಹುಳು ಇದ್ದರೆ ಬೇರು ತಿಂದುಹಾಕಿರುತ್ತದೆ, ಹುಲ್ಲು ಚಾಪೆ ಸುತ್ತಿದಂತೆ ಎದ್ದು ಬರುತ್ತದೆ. ಬರಲಿಲ್ಲ. ನಾಯಿ ಮೂತ್ರ ಮಾಡಿದ ಜಾಗವಾದರೆ ನಡುವೆ ಸುಟ್ಟಂತಿದ್ದು ಸುತ್ತ ಕಡುಹಸಿರಿನ ಅಂಚು ಇರುತ್ತದೆ, ಅದೂ ಅಲ್ಲ. ಅಷ್ಟರಲ್ಲಿ ಹುಡುಗರು ಹುಲ್ಲಿನ ಮೇಲೆ ಅಲ್ಲಲ್ಲಿ ಒಂದೇ ಅಳತೆಯ ಡಬ್ಬಿಗಳನ್ನಿಟ್ಟು ಸ್ಪ್ರಿಂಕ್ಲರ್ ತಿರುಗಿಸಿದ್ದರು. ಕಾಲು ಗಂಟೆ ಬಿಟ್ಟು ನಿಲ್ಲಿಸಿ ಅಳೆದಾಗ ಹಸಿರು ಭಾಗದ ಡಬ್ಬಿಯಲ್ಲೂ ಕಂದು ಭಾಗದ ಡಬ್ಬಿಯಲ್ಲೂ ನೀರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಅಂದರೆ ನೀರು ಬೀಳುತ್ತಿತ್ತು, ಉಪಯೋಗಕ್ಕೆ ಬರುತ್ತಿರಲಿಲ್ಲ.

ನಮ್ಮ ತಂಡದಲ್ಲಿ ದೊಡ್ಡಣ್ಣ ಎಂದು ಎಲ್ಲರೂ ಕರೆಯುವ ಹಿರಿಯರೊಬ್ಬರಿದ್ದಾರೆ. ಕೇಳಿದರೆ ಮಾತ್ರ ಮಾತಾಡುವ ಜಾಯಮಾನ. ‘ಏನಣ್ಣ ಇದು?’ ಎಂದೆ. ‘ಮಳೆಗಾಲದಲ್ಲಿ ಮಳೆ ಬಿಟ್ಟ ಮಾರನೆಯ ದಿನವೂ ಇಲ್ಲಿ ಮಾತ್ರ ನೀರು ನಿಂತಿರುತ್ತದೆ ಸಾರ್. ನಾಲ್ಕು ದಿನ ಬಿಸಿಲು ಬಿದ್ದರೆ ಮೊದಲು ಒಣಗುವುದೂ ಇದೇ’ ಎಂದರು. ಇಷ್ಟು ಹೇಳಿ ಬೂಟಿನ ತುದಿಯಿಂದ ಕಂದು ಭಾಗದ ಒಂದು ಅಂಚನ್ನು ತೋರಿಸಿದರು. ಅಂಚು ನೆಟ್ಟಗಿತ್ತು. ಹತ್ತು ಹೆಜ್ಜೆ ದೂರ ಹೋಗಿ ಬಹುತೇಕ ಮೂಲೆಮಟ್ಟ ಹಿಡಿದಂತೆ ತಿರುಗಿತ್ತು. ರೋಗವಾಗಲಿ ಹುಳುವಾಗಲಿ ಹೀಗೆ ನೇರ ಗೆರೆ ಹಾಕಿ ಕೆಲಸ ಮಾಡುವುದಿಲ್ಲ. ಅದು ಮನುಷ್ಯನ ಕೈವಾಡವೇ ಇರಬೇಕು.

ಕಬ್ಬಿಣದ ಸರಳು ತರಿಸಿದೆ. ಹಸಿರು ಭಾಗದಲ್ಲಿ ಒತ್ತಿದರೆ ಗೇಣುದ್ದ ಸಲೀಸಾಗಿ ಇಳಿಯಿತು. ಕಂದು ಭಾಗದಲ್ಲಿ ನಾಲ್ಕು ಬೆರಳು ಇಳಿದು ಟಕ್ ಎಂದು ನಿಂತಿತು. ಒಂದು ಮೊಳ ಸರಿದು ಒತ್ತಿದರೂ ಟಕ್. ಹುಡುಗರಿಗೆ ಅದೊಂದು ಆಟವಾಯಿತು; ಸರಳು ನಿಂತಲ್ಲೆಲ್ಲ ಸುಣ್ಣದ ಚುಕ್ಕೆ ಇಡುತ್ತ ಹೋದರು. ಚುಕ್ಕೆಗಳು ಕೂಡಿ ಆಯತವೊಂದು ಮೂಡಿತು.

ಅಗೆಯಬೇಕು ಎಂದಾಗ ಆಡಳಿತಾಧಿಕಾರಿಯ ಮುಖ ನೋಡುವಂತಿರಲಿಲ್ಲ. ‘ಸಮಾರಂಭ ಮುಗಿಯಲಿ. ಅಲ್ಲಿಯತನಕ ಹಸಿರು ಬಣ್ಣ ಸಿಂಪಡಿಸಲು ಬರುತ್ತದಂತಲ್ಲ?’ ಎಂದರು. ಬರುತ್ತದೆ, ಹುಲ್ಲಿಗೆಂದೇ ತಯಾರಿಸಿದ ಬಣ್ಣಗಳಿವೆ. ನನಗೆ ಅದರ ಬಗ್ಗೆ ತಾತ್ವಿಕ ವಿರೋಧವೇನೂ ಇಲ್ಲ. ಆದರೆ ಬಣ್ಣ ಹೊಡೆದರೂ ಎರಡು ಹೊತ್ತಿನ ನೀರಿನ ಹಟ ಬಿಡಲು ಅವರು ಸಿದ್ಧರಿರಲಿಲ್ಲ. ತಳದಲ್ಲಿ ನೀರು ಇಳಿಯಲು ದಾರಿಯಿಲ್ಲ, ಮೇಲಿರುವುದು ನಾಲ್ಕು ಬೆರಳು ಮಣ್ಣು. ಎರಡು ಹೊತ್ತು ನೀರು ಬಿಟ್ಟರೆ ಅತಿಥಿಗಳ ಬೂಟು ಕೆಸರಿನಲ್ಲಿ ಹೂತುಹೋಗುತ್ತದೆ ಎಂದೆ. ಬೇರಿನ ಕಷ್ಟಕ್ಕೆ ಕರಗದವರು ಬೂಟಿನ ಕಷ್ಟಕ್ಕೆ ಕರಗಿದರು. ಅಗೆಯಲು ಒಪ್ಪಿಗೆ ಸಿಕ್ಕಿತು.

ಹುಲ್ಲಿನ ಪದರ ಕೆತ್ತಿ ತೆಗೆದು ಪಿಕಾಸಿ ಹಾಕಿದರೆ ಮೊದಲ ಏಟಿಗೇ ಕಿಡಿ. ಹಾರೆ ತೂರಿಸಿ ಮೀಟಿದಾಗ ಎದ್ದು ಬಂದದ್ದು ಸಿಮೆಂಟ್ ಚೀಲ. ಚೀಲದ ಹೊರಗಿನ ಹೊದಿಕೆ ಎಂದೋ ಹರಿದುಹೋಗಿ ಒಳಗಿನ ಸಿಮೆಂಟ್ ಚೀಲದ ಆಕಾರದಲ್ಲೇ ಕಲ್ಲಾಗಿತ್ತು, ಬಾಯಿ ಕಟ್ಟಿದ್ದ ಜಾಗದ ಮಡಿಕೆಗಳೂ ಹಾಗೆಯೇ ಇದ್ದವು. ಅದರ ಕೆಳಗೆ ಇಟ್ಟಿಗೆ ಚೂರು, ತುಕ್ಕು ಹಿಡಿದ ಕಟ್ಟುತಂತಿಯ ಸುರುಳಿ, ಒಡೆದ ಟೈಲ್ಸ್, ಗಾರೆ ಕಲಸಿ ಹಾಗೆಯೇ ಬಿಟ್ಟಿದ್ದ ಒಂದು ಹಲಗೆ. ಕಟ್ಟಡ ಕಟ್ಟಿದವರು ಹೊರಡುವ ಮುನ್ನ ಗುಂಡಿ ತೋಡಿ ಎಲ್ಲವನ್ನೂ ಹುಗಿದು, ತೆಳ್ಳಗೆ ಮಣ್ಣು ಎಳೆದು, ಮೇಲೆ ಹುಲ್ಲು ಹಾಸಿ ಬಿಲ್ ಪಡೆದು ಹೋಗಿದ್ದರು. ಈ ಚಾಳಿ ಹೊಸದಲ್ಲ. ಹೊಸ ಕಟ್ಟಡದ ಸುತ್ತ ಗಿಡ ಏಳಿಗೆಯಾಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಗೊಬ್ಬರದ ಮಾತಿಗಿಂತ ಮೊದಲು ನಾನೀಗ ಸರಳನ್ನೇ ಕೈಗೆತ್ತಿಕೊಳ್ಳುತ್ತೇನೆ.

ಹುಲ್ಲಿಗೆ ಬೇರಿಳಿಸಲು ಕನಿಷ್ಠ 15 ಸೆಂಟಿಮೀಟರ್ ಒಳ್ಳೆಯ ಮಣ್ಣು ಬೇಕು. ಅಷ್ಟಿಲ್ಲದಿದ್ದರೆ ಮೇಲ್ಪದರ ಬೇಗ ಕಾದು ಬೇಗ ಒಣಗುತ್ತದೆ. ಇದು ಸಾಲದೆಂಬಂತೆ ಸಿಮೆಂಟಿನ ಸುಣ್ಣ ಇನ್ನೊಂದು ಉಪದ್ರವ ಕೊಡುತ್ತದೆ: ಮಣ್ಣಿನ ಕ್ಷಾರ ಗುಣ ಹೆಚ್ಚಿ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ. ಹಿಂದಿನವರು ಆ ಹಳದಿಯನ್ನು ಕಂಡಾಗಲೆಲ್ಲ ಯೂರಿಯಾ ಚೆಲ್ಲಿದ್ದರೆಂದು ದೊಡ್ಡಣ್ಣ ಹೇಳಿದರು. ತಳವಿಲ್ಲದ ಮಣ್ಣಿಗೆ ಯೂರಿಯಾ ಸುರಿದರೆ ಹುಲ್ಲು ಸುಡದೆ ಇನ್ನೇನಾದೀತು?

ಗುಂಡಿ ಖಾಲಿ ಮಾಡಲು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ತಳವನ್ನು ಸಡಿಲಿಸಿ, ಮಣ್ಣು ಮತ್ತು ಕಾಂಪೋಸ್ಟ್ ಬೆರೆಸಿ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಹದವಾಗಿ ತುಳಿಸಿದೆವು. ಒಮ್ಮೆಲೇ ಸುರಿದು ಮೇಲೆ ಸಮ ಮಾಡಿದರೆ ಎರಡು ಮಳೆಗೆ ಅಲ್ಲಿ ತಗ್ಗು ಬೀಳುತ್ತದೆ. ಅದರ ಮೇಲೆ ಹೊಸ ಹುಲ್ಲಿನ ಪಟ್ಟಿಗಳನ್ನು ಹಾಸಿದೆವು, ಒಂದು ಸಾಲಿನ ಸಂದು ಪಕ್ಕದ ಸಾಲಿನ ಸಂದಿಗೆ ಎದುರಾಗದಂತೆ. ಹುಡುಗನೊಬ್ಬ ಪಟ್ಟಿಗಳ ನಡುವೆ ಬೆರಳಗಲ ಬಿಡುತ್ತಿದ್ದ. ‘ಹುಲ್ಲು ಬೆಳೆದು ಮುಚ್ಚಿಕೊಳ್ಳುತ್ತದಲ್ಲ ಸಾರ್’ ಎಂದ. ಮುಚ್ಚಿಕೊಳ್ಳುತ್ತದೆ, ಆದರೆ ಅದಕ್ಕಿಂತ ಮೊದಲು ಅಂಚುಗಳು ಗಾಳಿಗೆ ಒಣಗುತ್ತವೆ, ಕಳೆಯೂ ಅದೇ ಸಂದಿಯಲ್ಲಿ ಕಾಲೂರುತ್ತದೆ. ಮತ್ತೆ ಸರಿಸಿ ಹಾಸಿದ, ಗೊಣಗುತ್ತಲೇ.

ಬೇರು ಕೆಳಗಿನ ಮಣ್ಣನ್ನು ಹಿಡಿಯಲು ಎರಡು ಮೂರು ವಾರ ಬೇಕು. ಸಮಾರಂಭಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಹಾಗಾಗಿ ಆ ದಿನ ಮುಖ್ಯದ್ವಾರದ ಎದುರೇ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದೆವು. ಹಸಿರೇನೋ ಇತ್ತು, ಪಟ್ಟಿಗಳ ಗೆರೆ ಮಾತ್ರ ಎದ್ದು ಕಾಣುತ್ತಿತ್ತು. ಆಡಳಿತಾಧಿಕಾರಿ ಅತ್ತ ಮುಖ ಮಾಡದೆ ಅತಿಥಿಗಳನ್ನು ಇನ್ನೊಂದು ಬದಿಯಿಂದ ಕರೆದೊಯ್ದರು. ಮಕ್ಕಳು ಹಗ್ಗದ ಕೆಳಗೆ ನುಸುಳದಂತೆ ದೊಡ್ಡಣ್ಣ ಕಾವಲಿಗೆ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಅವರನ್ನು ಒಬ್ಬರು ಅತಿಥಿಯೆಂದೇ ತಿಳಿದು ಕೈಕುಲುಕಿದರು. ಅವರು ಬಿಗುಮಾನವಿಲ್ಲದೆ ಕುಲುಕಿದರು.

ಸಮಾರಂಭದ ಗದ್ದಲ ಮುಗಿದ ಮೇಲೆ ಮೊದಲ ಬಾರಿ ಯಂತ್ರ ಓಡಿಸುವ ಮುನ್ನ ಪಟ್ಟಿಯ ಮೂಲೆ ಹಿಡಿದು ಎತ್ತಿ ನೋಡಿದೆ, ಏಳಲಿಲ್ಲ. ಎಲೆಯ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದೆಂದು ಎಚ್ಚರಿಸಿ ಹುಡುಗನ ಕೈಗೆ ಯಂತ್ರ ಕೊಟ್ಟೆ. ಆಡಳಿತಾಧಿಕಾರಿ ಕರೆಸಿ, ‘ಬೇರೆ ಕಡೆಯೂ ಹೀಗೆ ಹುಗಿದಿದ್ದಾರೆಯೇ ನೋಡಿಬಿಡಿ’ ಎಂದರು. ಹುಡುಗರು ಸರಳು ಹಿಡಿದು ಆವರಣವನ್ನೆಲ್ಲ ಚುಚ್ಚಿಕೊಂಡು ಬಂದರು. ಈಗ ನನ್ನ ಮೇಜಿನ ಮೇಲಿರುವ ನಕ್ಷೆಯಲ್ಲಿ ಮೂರು ಕಡೆ ಕೆಂಪು ಗುರುತು ಬಿದ್ದಿದೆ. ಹಿಂಬದಿಯ ಎರಡನ್ನು ಮಳೆಗೆ ಮೊದಲು ಅಗೆಯಲು ಒಪ್ಪಿಗೆ ಸಿಕ್ಕಿದೆ. ವಾಹನ ನಿಲ್ಲಿಸುವ ಜಾಗದ ಪಕ್ಕದ್ದಕ್ಕೆ ಮಾತ್ರ ‘ಸದ್ಯಕ್ಕೆ ನೀರು ಹೆಚ್ಚು ಬಿಡಿ’ ಎಂಬ ಉತ್ತರ ಬಂದಿದೆ.