ಹನ್ನೆರಡು ದಿನದ ದಾರಿ, ಒಂದು ರಾತ್ರಿಯ ನಿದ್ದೆ

ಆ ಭಾನುವಾರದ ಸೆಷನ್ನಿಗೆ ಬಿಡಿಸಿಟ್ಟ ನಕ್ಷೆಯಲ್ಲಿ ಇದ್ದದ್ದು ಒಂದು ಬರಡು ಬಯಲು, ಈ ಅಂಚಿನಿಂದ ಆ ಅಂಚಿಗೆ 288 ಮೈಲಿ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಸಾಹಸದ ಆಟ; ಐದನೇ ಆವೃತ್ತಿ, 2014ರ ನಿಯಮಗಳು. ಸಾಮಾನ್ಯ ನಡಿಗೆಯಲ್ಲಿ ದಿನಕ್ಕೆ 24 ಮೈಲಿ, ಹಾಗಾಗಿ ಹನ್ನೆರಡು ದಿನದ ದಾರಿ. ಪಾತ್ರಗಳು ಫೈಟರ್ (ಯೋಧ), ವಿಝರ್ಡ್ (ಮಾಂತ್ರಿಕ), ಕ್ಲೆರಿಕ್ (ಪೂಜಾರಿ), ಡ್ರೂಯಿಡ್ (ಪ್ರಕೃತಿಯ ಮಂತ್ರ ಬಲ್ಲವನು), ನಾಲ್ವರೂ ಐದನೇ ಲೆವೆಲ್. ನೀರು ಸಾಲದೆ ಬರುವ ಭಯವೇ ಅಂದಿನ ಆಟ ಎಂದು ತಯಾರಿ ನಡೆದಿತ್ತು. ಸಂಜೆ ನಾಲ್ಕಕ್ಕೆ ಶುರುವಾಗಿ ಎಂಟಕ್ಕೆ ಮುಗಿದಾಗ ಹನ್ನೆರಡು ದಿನವೂ ಕಳೆದಿದ್ದವು. ಪಾತ್ರಗಳ ಬಲಾಬಲ ಬರೆದಿಟ್ಟ ನಾಲ್ಕು ಕ್ಯಾರೆಕ್ಟರ್ ಶೀಟುಗಳೂ ಹೊರಟಾಗ ಇದ್ದ ಹಾಗೆಯೇ ಇದ್ದವು.

ಮೊದಲು ಕೈಕೊಟ್ಟದ್ದು ನೀರು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಬಿಸಿಲ ನಾಡಿನಲ್ಲಿ ಎರಡು. ನಾಲ್ವರಿಗೆ ಹನ್ನೆರಡು ದಿನಕ್ಕೆ 96 ಗ್ಯಾಲನ್. ಗ್ಯಾಲನ್ನಿಗೆ ಎಂಟು ಪೌಂಡಿನಂತೆ 768 ಪೌಂಡ್. ಹೇಸರಗತ್ತೆ ಕೊಳ್ಳುವುದೋ, ಬಾವಿ ಹುಡುಕುವುದೋ, ದಾರಿ ಬದಲಿಸುವುದೋ ಎಂದು ಆಟಗಾರರು ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು. ಆದರೆ ಕ್ಲೆರಿಕ್ ಮೊದಲ ಲೆವೆಲ್ಲಿನ ಒಂದು ಸ್ಪೆಲ್ಲಿನಿಂದ (ಮಂತ್ರದಿಂದ) ಹತ್ತು ಗ್ಯಾಲನ್ ನೀರು ಬರಿಸಬಲ್ಲ. ದಿನಕ್ಕೆ ಬೇಕಾದದ್ದು ಎಂಟು. ಡ್ರೂಯಿಡ್‌ನ ಗುಡ್‌ಬೆರಿಯಿಂದ ಹತ್ತು ಹಣ್ಣು ಸಿಗುತ್ತವೆ, ಒಂದೊಂದು ಹಣ್ಣಿಗೂ ಒಬ್ಬರ ಇಡೀ ದಿನದ ಹಸಿವು ನೀಗುತ್ತದೆ. ಇಬ್ಬರಿಗೂ ಮೊದಲ ಲೆವೆಲ್ಲಿನ ನಾಲ್ಕು ನಾಲ್ಕು ಸ್ಲಾಟ್ ಇವೆ; ಒಂದು ಸಲ ಸ್ಪೆಲ್ ಹಾಕಿದರೆ ಒಂದು ಸ್ಲಾಟ್ ಖರ್ಚು. ಮಲಗುವ ಮುಂಚೆ ಮಿಕ್ಕ ಸ್ಲಾಟಿನಲ್ಲಿ ಇವೆರಡನ್ನೂ ಮಾಡಿಕೊಂಡರೆ ಬೆಳಗ್ಗೆ ಸ್ಲಾಟೂ ವಾಪಸ್. ಬರಡು ಬಯಲು ಎರಡೇ ನಿಮಿಷದಲ್ಲಿ ಖಾಲಿ ಕಾಗದವಾಯಿತು.

ಐದನೇ ದಿನ ದೈತ್ಯ ರಾಕ್ಷಸರಾದ ಮೂರು ಓಗರ್‌ಗಳು ಎದುರಾದವು. ಒಂದೊಂದಕ್ಕೆ 59 ಹಿಟ್ ಪಾಯಿಂಟ್ (ಪ್ರಾಣಶಕ್ತಿಯ ಅಂಕ), ಅವು ಕೊಡುವ ಒಂದು ಏಟಿಗೆ ಸರಾಸರಿ 13 ಇಳಿಯುತ್ತದೆ. ವಿಝರ್ಡ್ ಮೊದಲ ಎರಡು ಸುತ್ತಿನಲ್ಲಿ ಒಂದೊಂದು ಫೈರ್‌ಬಾಲ್ ಎಸೆದ. ಆರು ಮುಖದ ಎಂಟು ದಾಳಗಳ ಸರಾಸರಿ 28. ಪೂರ್ತಿ ಪೆಟ್ಟು ತಪ್ಪಿಸಿಕೊಳ್ಳಲು ಉರುಳಿಸುವ ದಾಳದ (ಸೇವ್) ಗುರಿ 15 ಆದ್ದರಿಂದ ಓಗರ್ ನಾಲ್ಕರಲ್ಲಿ ಮೂರು ಸಲ ಸೋಲುತ್ತದೆ. ಎರಡು ಸಲ ಸೋತದ್ದಕ್ಕೆ ಸರಾಸರಿ ಲೆಕ್ಕದಲ್ಲಿ ಉಳಿಯುವುದು ಮೂರೇ ಪಾಯಿಂಟ್. ಫೈಟರ್‌ಗೆ ಎರಡು ಏಟು ಬಿದ್ದು 44 ಇದ್ದದ್ದು 18ಕ್ಕೆ ಇಳಿಯಿತು. ಇಷ್ಟಕ್ಕೆ ಐವತ್ತು ನಿಮಿಷ. ಆಮೇಲೆ ಎಂಟು ಗಂಟೆಯ ಲಾಂಗ್ ರೆಸ್ಟ್: ಫೈಟರ್ ಮತ್ತೆ 44, ವಿಝರ್ಡ್‌ಗೆ ಫೈರ್‌ಬಾಲ್ ಎರಡೂ ವಾಪಸ್.

ಕಾರಣ ನಿಯಮಪುಸ್ತಕದಲ್ಲೇ ಇದೆ. ಐದನೇ ಲೆವೆಲ್ಲಿನ ಒಂದು ಪಾತ್ರ ಒಂದು ದಿನದಲ್ಲಿ ತಾಳಿಕೊಳ್ಳುವ ಕಾಳಗದ ಬಜೆಟ್, ಶತ್ರುಗಳಿಗಿರುವ ಅನುಭವದ ಅಂಕಗಳಲ್ಲಿ, 3,500 ಎಕ್ಸ್‌ಪಿ, ನಾಲ್ವರಿಗೆ 14,000. ಮೂರು ಓಗರ್‌ಗಳದು 450ರಂತೆ 1,350; ಮೂರರಿಂದ ಆರು ಶತ್ರುಗಳಿದ್ದರೆ ಎರಡರಿಂದ ಗುಣಿಸಬೇಕು, 2,700. ದಿನದ ಬಜೆಟ್ಟಿನ ಐದನೇ ಒಂದು ಭಾಗಕ್ಕೂ ಕಡಿಮೆ. ಎರಡು ಲಾಂಗ್ ರೆಸ್ಟ್‌ಗಳ ನಡುವೆ ಆರರಿಂದ ಎಂಟು ಕಾಳಗ, ಮಧ್ಯೆ ಎರಡು ಶಾರ್ಟ್ ರೆಸ್ಟ್ ಎಂದು ಇಟ್ಟುಕೊಂಡೇ ಈ ಆವೃತ್ತಿಯ ತಕ್ಕಡಿ ತೂಗಿದೆ. ನೆಲಮಾಳಿಗೆಯಲ್ಲಿ ಕೋಣೆಯಿಂದ ಕೋಣೆಗೆ ನುಗ್ಗುವ ಸಾಹಸಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಎರಡು ದಿನಕ್ಕೊಂದು ಅಪಾಯ ಬರುವ ಪ್ರಯಾಣವನ್ನು ಅದೇ ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗುವುದೇ ಇಲ್ಲ.

ಹಾಗಾದರೆ ಒಂದೇ ಕಾಳಗವನ್ನು ದೊಡ್ಡದು ಮಾಡಿದರೆ ಸರಿಹೋಗುತ್ತದೆ ಎಂದು ಆಟ ನಡೆಸುವ ಯಾವ ಡಿಎಂಗಾದರೂ ಅನ್ನಿಸುತ್ತದೆ. ಒಂಬತ್ತನೇ ದಿನ ಎಂಟು ಓಗರ್ ಬಂದದ್ದು ಅದಕ್ಕೇ. 3,600ಕ್ಕೆ ಎರಡೂವರೆಯ ಗುಣಕ, 9,000; ಈ ಗುಂಪಿಗೆ 'ಡೆಡ್ಲಿ' (ಮಾರಣಾಂತಿಕ) ಗೆರೆ ಇರುವುದು 4,400ರಲ್ಲಿ. ಇಲ್ಲಿ ಇನ್ನೊಂದು ತೊಡಕು ಬಿಚ್ಚಿಕೊಂಡಿತು. ಇಷ್ಟು ದೊಡ್ಡ ಕಾಳಗದ ಗತಿಯನ್ನು ಹೆಚ್ಚುಕಮ್ಮಿ ಸರದಿ ಯಾರದು ಮೊದಲು ಎಂದು ನಿರ್ಧರಿಸುವ ಇನಿಶಿಯೇಟಿವ್ ದಾಳವೇ ಬರೆದುಬಿಡುತ್ತದೆ: ಓಗರ್‌ಗಳ ಸರದಿ ಮೊದಲಾದರೆ 32 ಪಾಯಿಂಟಿನ ವಿಝರ್ಡ್ ಮೂರು ಏಟಿಗೆ ನೆಲಕ್ಕೆ. ಬಿದ್ದವರನ್ನು ಕ್ಲೆರಿಕ್ 60 ಅಡಿ ದೂರದಿಂದ ಬೋನಸ್ ಆಕ್ಷನ್ನಿನಲ್ಲೇ (ಸರದಿಯ ಚಿಕ್ಕ ಹೆಚ್ಚುವರಿ ನಡೆಯಲ್ಲೇ) ಹೀಲಿಂಗ್ ವರ್ಡ್ ಹೇಳಿ ಎಬ್ಬಿಸುತ್ತಾನೆ, ಆರೇಳು ಪಾಯಿಂಟ್ ಬರುತ್ತದೆ. ಸೊನ್ನೆಗಿಂತ ಕೆಳಗಿನ ಪೆಟ್ಟು ಲೆಕ್ಕಕ್ಕಿಲ್ಲದ ಕಾರಣ, ಬೀಳುವ ಮುಂಚೆ ಗುಣಪಡಿಸುವುದಕ್ಕಿಂತ ಬಿದ್ದ ಮೇಲೆ ಎಬ್ಬಿಸುವುದೇ ಲಾಭ. ಎದ್ದವನಿಗೆ 13ರ ಏಟು, ಮತ್ತೆ ಬಿದ್ದ, ಮತ್ತೆ ಎಬ್ಬಿಸಿದ. ಎರಡು ಗಂಟೆ ಹೀಗೇ ನಡೆಯಿತು. ಯಾರೂ ಸಾಯಲಿಲ್ಲ. ಹಾಸಿಗೆ ಬಿಡಿಸಿದರು, ಬೆಳಗ್ಗೆ ಎಲ್ಲವೂ ತುಂಬಿತ್ತು. ಸಾವಿನಂಚಿಗೆ ಹೋಗಿಬಂದ ಗುಂಪಿನ ಮೇಲೆ ಆ ಕಾಳಗದ ನೆನಪೇ ಇಲ್ಲದ ಹಾಗೆ ಆಟ ಮುಂದುವರಿದದ್ದು ಬಹಳ ಬೇಸರ ತಂದಿತು.

ಸೆಷನ್ ಮುಗಿದ ಮೇಲೆ ತೇಪೆಗಳ ಮಾತು ಬಂತು. ಪುಸ್ತಕದಲ್ಲೇ ಒಂದು ಪರ್ಯಾಯವಿದೆ: ಶಾರ್ಟ್ ರೆಸ್ಟ್ ಎಂದರೆ ಎಂಟು ಗಂಟೆ, ಲಾಂಗ್ ರೆಸ್ಟ್ ಎಂದರೆ ಏಳು ದಿನ. ದಾರಿಗೆ ಒಳ್ಳೆಯದು. ಆದರೆ ಸ್ಪೆಲ್ಲುಗಳ ಅವಧಿ ಹಳೆಯದೇ. ಎಂಟು ಗಂಟೆಯ ಮೇಜ್ ಆರ್ಮರ್ (ಮಾಂತ್ರಿಕನ ರಕ್ಷಾಕವಚದ ಸ್ಪೆಲ್) ಮುಂಚೆ ಒಂದು ಸ್ಲಾಟಿಗೆ ಇಡೀ ಹಗಲು ಕಾಯುತ್ತಿತ್ತು, ಈಗ ವಾರದ ಸ್ಲಾಟುಗಳಲ್ಲಿ ಹೆಚ್ಚಿನವನ್ನು ಅದೊಂದೇ ನುಂಗುತ್ತದೆ. ಬೆಳಗಾದರೆ ಮತ್ತೆ ತುಂಬಿಕೊಳ್ಳುವ ಮಾಂತ್ರಿಕ ವಸ್ತುಗಳ ಬೆಲೆ ದಿಢೀರನೆ ಏರುತ್ತದೆ. ದಾರಿ ಮುಗಿದು ನೆಲಮಾಳಿಗೆಗೆ ಇಳಿದರೆ ಮೂರನೇ ಕೋಣೆಗೇ ಎಲ್ಲ ಬರಿದಾಗಿ ಒಂದು ವಾರ ಹೊರಗೆ ಕೂರಬೇಕು. ಇದಕ್ಕಿಂತ ವಾಸಿಯಾದ ತೇಪೆ, ಊರಿನಲ್ಲೋ ಕೋಟೆಯಲ್ಲೋ ಮಾತ್ರ ಲಾಂಗ್ ರೆಸ್ಟ್ ಸಿಗುತ್ತದೆ ಎನ್ನುವುದು. ಐದನೇ ಆವೃತ್ತಿ ಬಿಡಲು ಮನಸ್ಸಿಲ್ಲದವರಿಗೆ ಇದೇ ಸಾಕಾದೀತು. ಒಂದೇ ಷರತ್ತು, ಪಾತ್ರ ಕಟ್ಟುವ ಮೊದಲೇ ಹೇಳಬೇಕು. ಬಾರ್ಬೇರಿಯನ್‌ಗೆ ಐದನೇ ಲೆವೆಲ್ಲಿನಲ್ಲಿ ಒಂದು ಲಾಂಗ್ ರೆಸ್ಟಿಗೆ ಮೂರು ರೇಜ್, ಎಂದರೆ ಕಾಳಗದ ಆವೇಶ. ಹನ್ನೆರಡು ದಿನಕ್ಕೆ ಮೂರೇ ಎಂದು ಅರ್ಧ ದಾರಿಯಲ್ಲಿ ತಿಳಿಸಿದರೆ ಅದು ಮೋಸ.

ನಮ್ಮ ಟೇಬಲ್ ಮುಂದಿನ ಭಾನುವಾರ ಅದೇ ನಕ್ಷೆಯನ್ನು ಇದೇ ಆಟದ 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ನಿಯಮಗಳಲ್ಲಿ ಮೊದಲಿನಿಂದ ಆಡಲು ಒಪ್ಪಿತು. ಅವನ್ನೇ ಒಪ್ಪವಾಗಿ ಜೋಡಿಸಿದ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಇಂದು ಸಿಗುತ್ತದೆ. ಲೆವೆಲ್ ಐದೇ ಇಟ್ಟು ದಾಳ ಉರುಳಿಸಿ ಪಾತ್ರಗಳನ್ನು ಹೊಸದಾಗಿ ಕಟ್ಟಿದ್ದು ಸುಮಾರು ಅರ್ಧ ಗಂಟೆಯ ಕೆಲಸ. ಮೂಲ ನಿಯಮದಲ್ಲಿ ಡ್ರೂಯಿಡ್ ಇಲ್ಲ, ಹಾಗಾಗಿ ಅದರ ಬದಲು ಕತ್ತಿಯೂ ಮಂತ್ರವೂ ಬಲ್ಲ ಎಲ್ಫ್. ಕಳೆದುಕೊಂಡದ್ದೂ ಇದೆ, ಮುಚ್ಚಿಡಬೇಕಿಲ್ಲ: ಫೈಟರ್ ಆಡುವವರಿಗೆ ಶೀಟಿನಲ್ಲಿ ಆಯ್ದುಕೊಳ್ಳಲು ಹೆಚ್ಚೇನೂ ಉಳಿಯುವುದಿಲ್ಲ, ಮತ್ತು ಸೊನ್ನೆ ಪಾಯಿಂಟ್ ಎಂದರೆ ಸಾವು. ಪಾತ್ರ ಕಟ್ಟುವುದರಲ್ಲೇ ಖುಷಿ ಕಾಣುವವರಿಗೆ ಇದು ನಿಜವಾದ ನಷ್ಟ.

ಆದರೆ ನಕ್ಷೆಗೆ ಜೀವ ಬಂತು. ನೀರು ಬರಿಸುವ ಸ್ಪೆಲ್ ಇಲ್ಲಿ ನಾಲ್ಕನೇ ಲೆವೆಲ್ಲಿನದು, ಕ್ಲೆರಿಕ್ ಆರನೇ ಲೆವೆಲ್ಲಿಗೆ ಬರುವವರೆಗೆ ಕೈಗೆಟುಕದು. ನಡಿಗೆ ಹಾಕಿದ ಕವಚದ ಮೇಲೆ ನಿಂತಿದೆ: ಕವಚವಿಲ್ಲದೆ ದಿನಕ್ಕೆ 24 ಮೈಲಿ, ಚರ್ಮದ ಕವಚದಲ್ಲಿ 18, ಲೋಹದ್ದಾದರೆ 12. ಮರಳುಗಾಡಿನಲ್ಲಿ ಅದರ ಮೂರನೇ ಎರಡು ಭಾಗ ಮಾತ್ರ. ಗುಂಪು ನಡೆಯುವುದು ಎಲ್ಲರಿಗಿಂತ ನಿಧಾನದವರ ವೇಗದಲ್ಲಿ. ಫೈಟರ್ ಲೋಹದ ಕವಚ ತೊಟ್ಟರೆ 36 ದಿನ, ಎಲ್ಲರೂ ಬಿಚ್ಚಿ ಹೇಸರಗತ್ತೆಯ ಮೇಲೆ ಹೇರಿದರೆ 18. ಹದಿನೆಂಟು ದಿನದ ನೀರೆಂದರೂ, ದಿನಕ್ಕೆ ಎಂಟು ಗ್ಯಾಲನ್ನಿನ ಲೆಕ್ಕವನ್ನೇ ಉಳಿಸಿಕೊಂಡರೆ, 1,152 ಪೌಂಡ್. ಒಂದು ಹೇಸರಗತ್ತೆ ವೇಗ ಕಳೆದುಕೊಳ್ಳದೆ ಹೊರುವುದು 200. ಆರು ಬೇಕು, ಅವೂ ನೀರು ಕುಡಿಯುತ್ತವೆ. ಗಾಯ ಮಾಯಲು ಪೂರ್ತಿ ಒಂದು ದಿನ ಸುಮ್ಮನೆ ಮಲಗಿದರೆ ಒಂದರಿಂದ ಮೂರು ಪಾಯಿಂಟ್. ಓಗರ್‌ನ ಏಟಿಗೆ ಹತ್ತು ಮುಖದ ಒಂದು ದಾಳ. ಎರಡು ಏಟು ತಿಂದ ಫೈಟರ್ ಚೇತರಿಸಿಕೊಳ್ಳಲು ಐದಾರು ದಿನ, ಅಷ್ಟೂ ದಿನ ಎಲ್ಲರೂ ಕುಡಿಯಬೇಕು. ಕಾಳಗದ ಬೆಲೆಯನ್ನು ನೀರಿನಲ್ಲಿ ಎಣಿಸುವಂತಾಯಿತು. ಹುಡುಕಿದ್ದು ಇದನ್ನೇ.

ಎರಡು ಹೇಸರಗತ್ತೆ ಕೊಂಡು, ಉಳಿದ ನೀರಿಗೆ ಬಾವಿ ಸಿಗಲೇಬೇಕು ಎಂದು ಹೊರಟರು. ನಾಲ್ಕನೇ ದಿನ ಕುಳ್ಳ ದುಷ್ಟಜೀವಿಗಳಾದ ಗಾಬ್ಲಿನ್‌ಗಳ ಗುಂಪೊಂದು ಕಾಣಿಸಿತು. ಇಲ್ಲಿ ಭೇಟಿಯಾದ ಕೂಡಲೇ ಕತ್ತಿ ಹಿರಿಯಬೇಕಿಲ್ಲ, ಎರಡು ದಾಳ ಉರುಳಿಸಿ ಅವುಗಳ ಮನಸ್ಸು ನೋಡಬೇಕು. ನೇರ ದಾಳಿ ಮಾಡುವುದು ಎರಡು ಬಿದ್ದರೆ ಮಾತ್ರ, 36ರಲ್ಲಿ ಒಂದು ಸಲ. ಬಿದ್ದದ್ದು ಏಳು: ಅನುಮಾನ. ಫೈಟರ್‌ನ ಕವಚ ಹೇಸರಗತ್ತೆಯ ಬೆನ್ನ ಮೇಲಿತ್ತು, ತೊಟ್ಟುಕೊಳ್ಳಲು ಹೊತ್ತಿರಲಿಲ್ಲ. ಎಲ್ಫ್ ಕೈ ಮೇಲೆತ್ತಿ ನೀರೆಲ್ಲಿದೆ ಎಂದು ಕೇಳಿತು. ಗಾಬ್ಲಿನ್‌ಗಳಿಗೆ ಬಾವಿ ಗೊತ್ತಿತ್ತು, ಅರ್ಧ ದಿನದ ಹಾದಿ. ತೋರಿಸಿದ್ದಕ್ಕೆ ಒಂದು ಹೇಸರಗತ್ತೆ ಕೇಳಿದವು. ಕೊಡುವುದೋ ಬೇಡವೋ ಎಂದು ನಾಲ್ವರೂ ನಲವತ್ತು ನಿಮಿಷ ಚರ್ಚಿಸಿದರು.