ಯೆಜ್ಡಿಯ ಮುಂಭಾಗ: ಕೋನ್‌ಸೆಟ್‌ನಿಂದ ಬ್ರೇಕ್ ಶೂವರೆಗೆ

ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1970ರ ದಶಕದ ಕೊನೆಯಲ್ಲಿ ತಯಾರಾದ ನನ್ನ ಯೆಜ್ಡಿ 250 ಬೈಕಿನ ಎಂಜಿನ್ ಕೆಲಸ ಕಳೆದ ವರ್ಷವೇ ಮುಗಿದಿತ್ತು. ಈ ಮಳೆಗಾಲದಲ್ಲಿ ಕೈಗೆತ್ತಿಕೊಂಡಿರುವುದು ಗಾಡಿಯ ಮುಂಭಾಗವನ್ನು, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಾದ ಕೋನ್‌ಸೆಟ್, ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲಿನ ಫೋರ್ಕ್, ಚಕ್ರ ಮತ್ತು ಬ್ರೇಕ್. ಗಾಡಿಯ ಹೊರನೋಟ ಒಂದಿಷ್ಟೂ ಬದಲಾಗಬಾರದು, ಒಳಗಿನ ಭಾಗಗಳು ಮಾತ್ರ ಇಂದಿನ ಗುಣಮಟ್ಟಕ್ಕೆ ಬರಬೇಕು ಎಂಬ ಒಂದೇ ಷರತ್ತನ್ನು ಇಟ್ಟುಕೊಂಡಿದ್ದೇನೆ. ಮುಂಭಾಗದ ಕೆಲಸವೆಂದರೆ ಹೆಚ್ಚಿನವರು ಬ್ರೇಕಿನಿಂದ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬ್ರೇಕಿನ ಸರದಿ ಕೊನೆಯದು. ಕೋನ್‌ಸೆಟ್‌ನಲ್ಲಿ ಪ್ಲೇ (ಸಡಿಲಾಟ) ಇದ್ದು, ಫೋರ್ಕಿನ ಪೈಪು ಜಾರುವ ಬಳೆಯಾದ ಬುಷ್ ಸವೆದಿರುವ ಗಾಡಿಗೆ ಬಲವಾದ ಬ್ರೇಕ್ ಕೂರಿಸಿದರೆ ಆ ಬಲವೆಲ್ಲ ಹ್ಯಾಂಡಲ್ ಅದುರುವುದಕ್ಕೇ ಖರ್ಚಾಗುತ್ತದೆ.

ಚಾಮುಂಡಿ ಬೆಟ್ಟದಿಂದ ಟೂ-ಸ್ಟ್ರೋಕ್ ಗಾಡಿಯಲ್ಲಿ ಇಳಿದವರಿಗೆ ಮುಂದಿನ ಬ್ರೇಕಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಫೋರ್-ಸ್ಟ್ರೋಕ್ ಎಂಜಿನ್‌ನಂತೆ ಟೂ-ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಅದರ ಮೇಲೆ, ಪೆಟ್ರೋಲಿನಲ್ಲಿ ಬೆರೆತ ಆಯಿಲ್ಲೇ ಎಂಜಿನ್ನಿಗೆ ಜೀವಾಳವಾದ್ದರಿಂದ, ಥ್ರಾಟಲ್ ಮುಚ್ಚಿಕೊಂಡು ಗೇರಿನಲ್ಲೇ ದೂರ ಇಳಿದರೆ ಪಿಸ್ಟನ್ನಿಗೆ ತಲುಪುವ ಆಯಿಲ್ ಕೂಡ ಕಡಿಮೆಯಾಗುತ್ತದೆ. ಹೀಗಾಗಿ ಇಳಿಯುವಾಗ ಭಾರವೆಲ್ಲ ಬ್ರೇಕಿನ ಮೇಲೆಯೇ, ಅದರಲ್ಲಿಯೂ ಮುಂದಿನ ಬ್ರೇಕಿನ ಮೇಲೆಯೇ ಬೀಳುತ್ತದೆ. ಇನ್ನು ಮಂಡ್ಯದ ಕಡೆ ಹೊರಟರೆ ಫೋರ್ಕಿನ ಪರೀಕ್ಷೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ನಮ್ಮಂಥವರ ಪಾಲಿಗೆ ಉಳಿದಿರುವುದು ಸರ್ವೀಸ್ ರಸ್ತೆ, ಅದರ ಹಂಪುಗಳು ಮತ್ತು ಕಬ್ಬಿನ ಟ್ರ್ಯಾಕ್ಟರ್‌ಗಳು.

ಡಿಸ್ಕ್ ಬ್ರೇಕ್ ಹಾಕಿಸಿಬಿಡಿ ಎಂಬ ಸಲಹೆ ಬಹಳ ಮಂದಿಯಿಂದ ಬಂದಿತು. 2018ರಲ್ಲಿ ಮರಳಿ ಬಂದ ಹೊಸ ಜಾವಾದಲ್ಲಿ ಮುಂದೆ 280 ಮಿಲಿಮೀಟರ್ ಡಿಸ್ಕ್ ಇರುವುದು ನಿಜ. ಆದರೆ ಆ ಗಾಡಿಯ ಫೋರ್ಕನ್ನು ಆ ಡಿಸ್ಕಿಗೆಂದೇ ರೂಪಿಸಲಾಗಿದೆ. ಬ್ರೇಕ್ ಹಿಡಿದಾಗ ಹುಟ್ಟುವ ತಿರುಚುವ ಬಲವನ್ನು ತಡೆಯುವುದು ಫೋರ್ಕಿನ ಒಂದು ಕಾಲು ಮಾತ್ರ. ಹಳೆಯ ಫೋರ್ಕಿನ ಕಾಲು, ಚಕ್ರದ ಅಚ್ಚು, ಕೆಳಗಿನ ಕ್ಲಾಂಪ್ ಇವೆಲ್ಲ 160 ಮಿಲಿಮೀಟರ್ ಡ್ರಮ್ ಬ್ರೇಕಿನ, ಅಂದರೆ ಚಕ್ರದ ಹಬ್ಬಿನೊಳಗೆ ಶೂಗಳು ಒತ್ತುವ ಬ್ರೇಕಿನ, ಬಲಕ್ಕೆ ಲೆಕ್ಕ ಹಾಕಿ ಮಾಡಿದಂಥವು. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂರಿಸಲು ಅಂಥ ಕಾಲಿಗೆ ಬ್ರಾಕೆಟ್ ಬೆಸೆಯುವುದನ್ನು ನಾನು ಒಪ್ಪಲಾರೆ. ಇಡೀ ಮುಂಭಾಗವನ್ನೇ ಬೇರೆ ಗಾಡಿಯಿಂದ ತಂದು ಜೋಡಿಸಬಹುದು, ಆದರೆ ಆಗ ಹೆಡ್‌ಲೈಟನ್ನೂ ಸ್ಪೀಡೋಮೀಟರನ್ನೂ ಒಟ್ಟಿಗೆ ಹೊದ್ದುಕೊಂಡ ಆ ದುಂಡನೆಯ ತಗಡಿನ ಮುಖವೇ ಹೋಗಿಬಿಡುತ್ತದೆ. ತಯಾರಕರು ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದನ್ನೂ ಮರೆಯುವಂತಿಲ್ಲ.

ಮೊದಲು ಬಿಚ್ಚಿದ್ದು ಕೋನ್‌ಸೆಟ್. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ, ನೇರವಾಗಿ ನಿಲ್ಲುವ ಜಾಗದಲ್ಲಿ ಅದು ಯಾವುದೋ ಕುಳಿಯೊಳಗೆ ಕೂತಂತೆ ಸಣ್ಣಗೆ ‘ಟಕ್’ ಎನ್ನುತ್ತಿತ್ತು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ನೋಡಿದಾಗ ಗುಂಡುಗಳು ಉರುಳುವ ಉಕ್ಕಿನ ಬಳೆಯಾದ ಕೆಳಗಿನ ಬಾಲ್ ರೇಸಿನಲ್ಲಿ ಅವು ಒತ್ತಿ ಮೂಡಿಸಿದ ಗುಳಿಗಳು ಸಾಲಾಗಿ ಕಂಡವು. ಗಾಡಿಯ ಹೆಚ್ಚಿನ ಆಯುಷ್ಯ ಹ್ಯಾಂಡಲ್ ನೇರವಾಗಿದ್ದಾಗಲೇ ಕಳೆಯುವುದರಿಂದ ರಸ್ತೆಯ ಪ್ರತಿ ಹೊಡೆತವೂ ಅದೇ ಬಿಂದುಗಳಿಗೆ ಬೀಳುತ್ತದೆ. ಗುಂಡು ರೇಸನ್ನು ಒಂದು ಬಿಂದುವಿನಲ್ಲಷ್ಟೇ ಮುಟ್ಟಿದರೆ ಟೇಪರ್ ರೋಲರ್, ಅಂದರೆ ಒಂದು ತುದಿ ಸಪೂರವಾದ ಉರುಳೆ, ಒಂದು ಗೆರೆಯುದ್ದಕ್ಕೂ ಮುಟ್ಟುತ್ತದೆ, ಹಾಗಾಗಿ ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಹೊಸದಾಗಿ ಹಾಕಿರುವುದು ಟೇಪರ್ ರೋಲರ್ ಬೇರಿಂಗ್.

ಟೇಪರ್ ಬೇರಿಂಗಿನ ಒಟ್ಟು ಎತ್ತರವೂ ಹಳೆಯ ಕೋನ್‌ಸೆಟ್‌ನ ಎತ್ತರವೂ ಒಂದೇ ಆಗಿರುವುದಿಲ್ಲವಾದ್ದರಿಂದ, ವ್ಯತ್ಯಾಸವನ್ನು ಅಳೆದು ಲೇತಿನಲ್ಲಿ ಒಂದು ಉಕ್ಕಿನ ಬಳೆಯನ್ನು ತಿರುಗಿಸಿ ಕೆಳಗಡೆ ಕೂರಿಸಬೇಕಾಯಿತು. ಹೊರ ರೇಸುಗಳು ಫ್ರೇಮಿನ ಕೊಳವೆಯೊಳಗೆ ಓರೆಯಾಗದೆ ಇಳಿಯಬೇಕು. ಸುತ್ತಿಗೆಯನ್ನು ಪಕ್ಕಕ್ಕಿಟ್ಟು, ಉದ್ದನೆಯ ಬೋಲ್ಟು ಮತ್ತು ಎರಡು ದಪ್ಪ ವಾಷರುಗಳಿಂದ ಎಳೆದು ಕೂರಿಸುವುದೇ ಸರಿಯಾದ ಕ್ರಮ. ನಟ್ಟನ್ನು ಬಿಗಿಯುವುದರಲ್ಲಿ ನಿಜವಾದ ನಾಜೂಕು ಇದೆ. ಫೋರ್ಕನ್ನು ಹಿಂದೆ ಮುಂದೆ ಎಳೆದರೆ ಪ್ಲೇ ಇರಬಾರದು, ಹ್ಯಾಂಡಲನ್ನು ಬೆರಳಿನಿಂದ ಮೆಲ್ಲಗೆ ನೂಕಿದರೆ ಅದು ತನ್ನ ಭಾರದಿಂದಲೇ ಕೊನೆಯವರೆಗೆ ಹೋಗಿ ನಿಲ್ಲಬೇಕು. ಇದಕ್ಕಿಂತ ಬಿಗಿಯಾದರೆ ಗಾಡಿ ನೇರ ರಸ್ತೆಯಲ್ಲಿಯೂ ಹಾವಿನಂತೆ ಹರಿಯತೊಡಗುತ್ತದೆ. ಪರೀಕ್ಷಿಸುವಾಗ ಕ್ಲಚ್, ಥ್ರಾಟಲ್ ಕೇಬಲ್‌ಗಳನ್ನು ಬಿಡಿಸಿಟ್ಟಿರಬೇಕು, ಏಕೆಂದರೆ ಕೇಬಲಿನ ಎಳೆತವನ್ನು ಬೇರಿಂಗಿನ ಬಿಗಿಯೆಂದು ಭ್ರಮಿಸುವುದು ಸುಲಭ.

ಎರಡನೆಯದು ಫೋರ್ಕ್. ಈ ವಿಷಯದಲ್ಲಿ ಮೈಸೂರಿನಲ್ಲಿರುವುದು ಒಂದು ಭಾಗ್ಯವೇ ಸರಿ. 1960ರಲ್ಲಿ ಸ್ಥಾಪನೆಯಾದ, ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತಾದರೂ, ಅಲ್ಲಿ ದುಡಿದ ಕೈಗಳು ಇನ್ನೂ ಊರಿನಲ್ಲಿವೆ. ಅಂಥ ಹಿರಿಯರೊಬ್ಬರು ನನ್ನ ಫೋರ್ಕ್ ಪೈಪುಗಳನ್ನು ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿ, ಆಚೆ ಬದಿಯಿಂದ ಟಾರ್ಚ್ ಹಿಡಿದು ನೋಡಲು ಹೇಳಿದರು. ಬಲಗಡೆಯ ಪೈಪು ಉರುಳಿದಂತೆ ಅದರ ಕೆಳಗಿನ ಬೆಳಕಿನ ಗೆರೆ ಒಮ್ಮೆ ಅಗಲವಾಗಿ ಮತ್ತೊಮ್ಮೆ ಸಣ್ಣದಾಗುತ್ತಿತ್ತು: ಕೆಳಗಿನ ಕ್ಲಾಂಪ್ ಹಿಡಿಯುವ ಜಾಗದಲ್ಲಿ ಪೈಪು ತುಸು ಬಾಗಿತ್ತು. ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಸೀಲ್ ಉಜ್ಜುವ ಭಾಗದಲ್ಲಿ ಸಾಸಿವೆಯಷ್ಟು ಸಣ್ಣ ತುಕ್ಕಿನ ಕುಳಿಗಳಿದ್ದವು. ಸೀಲುಗಳನ್ನು ಎಷ್ಟು ಸಲ ಬದಲಾಯಿಸಿದರೂ ಆಯಿಲ್ ಏಕೆ ಜಿನುಗುತ್ತದೆ ಎಂಬುದಕ್ಕೆ ಹೆಚ್ಚಿನ ಗಾಡಿಗಳಲ್ಲಿ ಆ ಕುಳಿಗಳೇ ಉತ್ತರ. ಅವುಗಳ ಅಂಚು ಹೊಸ ರಬ್ಬರನ್ನೂ ಕೆಲವೇ ದಿನಗಳಲ್ಲಿ ಕತ್ತರಿಸಿಬಿಡುತ್ತದೆ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಪೈಪಿನ ಬಾಗನ್ನು ಪ್ರೆಸ್ಸಿನಲ್ಲಿ ತೆಗೆಸಿ, ಡಯಲ್ ಗೇಜಿನಲ್ಲಿ ಪರೀಕ್ಷಿಸಿ, ಬಳಿಕ ಎರಡೂ ಪೈಪುಗಳಿಗೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಿದ್ದಾಯಿತು. ಹೊಳಪಿಗಾಗಿ ಮಾಡುವ ಕ್ರೋಮ್ ಇಲ್ಲಿ ನಿಷ್ಪ್ರಯೋಜಕ. ಹಾರ್ಡ್ ಕ್ರೋಮನ್ನು ಬೇಕಾದ ಅಳತೆಗಿಂತ ದಪ್ಪವಾಗಿ ಏರಿಸಿ, ಆಮೇಲೆ ಗ್ರೈಂಡಿಂಗ್‌ನಲ್ಲಿ ಅಳತೆಗೆ ಇಳಿಸುತ್ತಾರೆ. ಬುಷ್‌ಗಳನ್ನು ಪೈಪಿನ ಅಂತಿಮ ಅಳತೆ ಕೈಗೆ ಬಂದ ನಂತರವೇ ತಿರುಗಿಸಬೇಕು. ಸಿದ್ಧ ಬುಷ್ ತಂದು ಅದಕ್ಕೆ ಹೊಂದುವಂತೆ ಪೈಪನ್ನು ತಿಕ್ಕುವವರೂ ಇದ್ದಾರೆ, ಅದು ತಲೆಕೆಳಗಾದ ಕ್ರಮ. ಮಧ್ಯೆ ಆಯಿಲಿನ ಪೊರೆಯೊಂದು ನಿಲ್ಲುವಷ್ಟು ಮಾತ್ರ ಸಡಿಲ ಬಿಡಿಸಿದ್ದೇನೆ.

ಸ್ಪ್ರಿಂಗ್‌ಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಎರಡರ ಉದ್ದವೂ ಸಮವಾಗಿತ್ತು. ಸ್ವಲ್ಪ ಕುಸಿದಿದ್ದರಿಂದ ಮೇಲ್ಗಡೆ ಸ್ಪೇಸರ್ ಕೊಟ್ಟು, ಸವಾರ ಕೂತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಳಿಯುವಂತೆ ಹೊಂದಿಸಿದೆ. ಹಳೆಯ ಎಂಜಿನ್ ಆಯಿಲಿನ ಬದಲು 20 ಡಬ್ಲ್ಯೂ ದಪ್ಪದ ಫೋರ್ಕ್ ಆಯಿಲ್ ಹಾಕಿದ್ದೇನೆ.

ಚಕ್ರ ಮತ್ತು ಡ್ರಮ್ಮಿನ ಕೆಲಸದಲ್ಲಿ ಕ್ರಮವೇ ಎಲ್ಲ. ಅಲ್ಯೂಮಿನಿಯಂ ಹಬ್ಬಿನೊಳಗೆ ಬೀಡುಕಬ್ಬಿಣದ ಬಳೆಯಿದ್ದು ಶೂ ಉಜ್ಜುವುದು ಅದರ ಮೇಲೆ. 16 ಇಂಚಿನ ರಿಮ್ಮಿಗೆ ಹೊಸ ಸ್ಟೇನ್‌ಲೆಸ್ ಕಡ್ಡಿಗಳನ್ನು ಕಟ್ಟಿ ಬಿಗಿದಾಗ ಅವುಗಳ ಎಳೆತ ಹಬ್ಬನ್ನೇ ಕೂದಲೆಳೆಯಷ್ಟು ಅಂಡಾಕಾರಕ್ಕೆ ಎಳೆಯುತ್ತದೆ. ಬರಿಯ ಹಬ್ಬನ್ನು ಲೇತಿಗೆ ಕಟ್ಟಿ ಡ್ರಮ್ಮನ್ನು ದುಂಡಗೆ ಮಾಡಿಸಿ ಆಮೇಲೆ ಕಡ್ಡಿ ಕಟ್ಟಿದರೆ, ಮಾಡಿಸಿದ ದುಂಡು ಅಲ್ಲಿಗೇ ಕೆಡುತ್ತದೆ. ಆದ್ದರಿಂದ ಮೊದಲು ಎರಡೂ ಬದಿಗೆ ರಬ್ಬರ್ ಸೀಲ್ ಇರುವ ಹೊಸ ಬೇರಿಂಗ್ ಕೂರಿಸಿ, ಕಡ್ಡಿ ಕಟ್ಟಿ, ರಿಮ್ಮಿನ ಓಲಾಟ ತೆಗೆದು, ಕಡೆಯಲ್ಲಿ ಇಡೀ ಚಕ್ರವನ್ನೇ ದೊಡ್ಡ ಲೇತಿಗೆ ಏರಿಸಿ ಡ್ರಮ್ಮನ್ನು ತೆಳುವಾಗಿ ತಿರುಗಿಸಿದ್ದು. ಅಷ್ಟು ದೊಡ್ಡ ಲೇತ್ ಹುಡುಕುವುದಕ್ಕೇ ಹೂಟಗಳ್ಳಿ, ಮೇಟಗಳ್ಳಿಗಳನ್ನು ಸುತ್ತಬೇಕಾಯಿತು.

ಹಳೆಯ ಶೂಗಳನ್ನು ತೆಗೆಯುವಾಗ ಒಂದು ಎಚ್ಚರಿಕೆ. ಶೂಗಳ ಮೇಲೆ ಅಂಟಿಸಿದ, ಡ್ರಮ್ಮಿಗೆ ಉಜ್ಜುವ ಆ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಬಹಳ. ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಬೇಕು. ಹೊಸದಾಗಿ ಆಸ್ಬೆಸ್ಟಾಸ್ ರಹಿತ ಲೈನರನ್ನು ಅಂಟಿಸಿ, ಅದನ್ನು ಹೊಸ ಡ್ರಮ್ಮಿನ ತ್ರಿಜ್ಯಕ್ಕೆ ಹೊಂದುವಂತೆ ತಿರುಗಿಸಲಾಗಿದೆ. ಈ ಒಂದು ಹಂತವನ್ನು ಬಿಟ್ಟರೆ ಶೂ ಡ್ರಮ್ಮನ್ನು ನಡುವಿನಲ್ಲಿ ಅಥವಾ ತುದಿಗಳಲ್ಲಿ ಮಾತ್ರ ಮುಟ್ಟುತ್ತದೆ, ಆಗ ಉತ್ತಮ ಲೈನರ್ ಕೂಡ ಕಳಪೆಯೆನಿಸುತ್ತದೆ.

ಖರ್ಚಿಲ್ಲದೆ ಸಿಕ್ಕಿದ ಲಾಭವೆಂದರೆ ಕೇಬಲ್ ಎಳೆಯುವ ಸನ್ನೆಯಾದ ಬ್ರೇಕ್ ಆರ್ಮಿನ ಕೋನ. ಶೂ ಡ್ರಮ್ಮನ್ನು ಒತ್ತುವ ಕ್ಷಣದಲ್ಲಿ ಆರ್ಮಿಗೂ ಕೇಬಲಿಗೂ ನಡುವೆ 90 ಡಿಗ್ರಿ ಇದ್ದರೆ ಕೈಯ ಎಳೆತ ಪೂರ್ತಿಯಾಗಿ ಕೆಲಸಕ್ಕೆ ಬರುತ್ತದೆ. ಅದೇ 60 ಡಿಗ್ರಿಯಾದರೆ ಶೇಕಡಾ 13ರಷ್ಟು ಅಲ್ಲಿಯೇ ಸೋರಿಹೋಗುತ್ತದೆ. ಆರ್ಮನ್ನು ಅದು ಕೂತಿದ್ದ ಹಲ್ಲುಳ್ಳ ಕಂಬಿಯಿಂದ ಕಳಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿದ್ದರಿಂದ ಕೋನ ಸರಿಹೋಯಿತು. ಜೋಡಿಸುವಾಗ ಅಚ್ಚಿನ ನಟ್ಟನ್ನು ಸಡಿಲವಾಗಿಟ್ಟು, ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬಿಗಿಯಬೇಕು, ಆಗ ಬ್ರೇಕ್ ಪ್ಲೇಟ್ ಡ್ರಮ್ಮಿನ ನಡುವಿಗೆ ತಾನಾಗಿ ಬಂದು ನಿಲ್ಲುತ್ತದೆ.

ಸದ್ಯದ ಸ್ಥಿತಿ ಹೀಗಿದೆ. ಸರ್ವೀಸ್ ರಸ್ತೆಯ ಹಂಪುಗಳಲ್ಲಿ ಕೇಳುತ್ತಿದ್ದ ಲೊಟಲೊಟ ಸದ್ದು ಪೂರ್ತಿ ನಿಂತಿದೆ, ಸೀಲುಗಳಿಂದ ಆಯಿಲ್ ಜಿನುಗುತ್ತಿಲ್ಲ. ಬೆಟ್ಟದಿಂದ ಇಳಿಯುವಾಗ ಬ್ರೇಕ್ ಮೊದಲಿಗಿಂತ ಬೇಗ ಕಚ್ಚುತ್ತದೆ ಮತ್ತು ಹ್ಯಾಂಡಲ್ ಎಳೆಯುವುದಿಲ್ಲ, ಆದರೆ ಬಹಳ ಹೊತ್ತು ಹಿಡಿದರೆ ಬಿಸಿಗೆ ಇನ್ನೂ ಸ್ವಲ್ಪ ಸೋಲುತ್ತದೆ. ಚಕ್ರ ಬಿಚ್ಚಿ ನೋಡಿದಾಗ, ಚಕ್ರ ತಿರುಗುವ ದಿಕ್ಕಿನಲ್ಲೇ ಒಳಸೆಳೆಯಲ್ಪಡುವ ಮುಂದಿನ ಶೂವಿನಲ್ಲಿ ಹೊಳಪು ಬಹುತೇಕ ಎಲ್ಲೆಡೆ ಹರಡಿತ್ತು. ಡ್ರಮ್ಮು ದೂರ ತಳ್ಳುವ ಇನ್ನೊಂದು ಶೂವಿನ ಅರ್ಧಭಾಗ ಮಾತ್ರ ಹೊಳೆಯುತ್ತಿತ್ತು. ಎರಡೂ ಶೂಗಳು ಒಳಸೆಳೆಯುವಂಥ ಬ್ರೇಕ್ ಪ್ಲೇಟನ್ನು ಹಾಕಬಹುದೆಂಬ ಯೋಚನೆ ಇದೆಯಾದರೂ, ಅದು ಏರಿನಲ್ಲಿ ಹಿಂದಕ್ಕೆ ಜಾರುವ ಗಾಡಿಯನ್ನು ಸರಿಯಾಗಿ ಹಿಡಿಯುವುದಿಲ್ಲ ಮತ್ತು ಫೋರ್ಕಿನ ಅದೇ ಒಂದು ಕಾಲಿಗೆ ಇನ್ನಷ್ಟು ಭಾರ ಹೊರಿಸುತ್ತದೆ. ಎರಡನೆಯ ಶೂ ಪೂರ್ತಿ ಕೂತ ಮೇಲೆ ಮತ್ತೆ ಬಿಚ್ಚಿ ನೋಡಿ ಅದರ ಬಗ್ಗೆ ತೀರ್ಮಾನಿಸುತ್ತೇನೆ. ಅಷ್ಟರೊಳಗೆ ಮುಂದಿನ ಮಡ್‌ಗಾರ್ಡಿನ ಸ್ಟೇಗಳು ಪೇಂಟ್ ಆಗಿ ಬರಬೇಕಿದೆ.